ಮಾರ್ಕೆಟಿಂಗ್‌ಗೆ ತವರು ಯಾವುದು?

ಪ್ರಶ್ನೆ: ಪದವಿಯ ಕೊನೆಯ ವರ್ಷದಲ್ಲಿದ್ದೇನೆ, ಎಂಬಿಎ ಮಾಡುವ ಆಸೆ. ಮಾರ್ಕೆಟಿಂಗ್ ಮ್ಯಾನೇಜ್‌ಮೆಂಟಿನ ಒಂದು ಭಾಗ ಅಷ್ಟೇ ಅಂತ ಒಬ್ಬ ಮೇಷ್ಟ್ರು ಹೇಳುತ್ತಾರೆ. ಇನ್ನೊಬ್ಬರು ಅದೇ ಬೇರೆ, ಇದೇ ಬೇರೆ ಅನ್ನುತ್ತಾರೆ. ಯಾರ ಮಾತು ನಂಬಲಿ?

ಉತ್ತರ: ಇಬ್ಬರದೂ ಸರಿ ಅಂದರೆ ಜಾರಿಕೊಂಡ ಹಾಗಾಗುತ್ತದೆ. ಮಾರ್ಕೆಟಿಂಗ್ ಪಾಠ ಮಾಡುತ್ತಲೇ ತಲೆ ನರೆತವನು ನಾನು. ನನ್ನ ವೋಟು ಎರಡನೆಯವರಿಗೆ.

ಮಾರ್ಕೆಟಿಂಗ್‌ಗೆ ತವರು ಅರ್ಥಶಾಸ್ತ್ರ. ಮ್ಯಾನೇಜ್‌ಮೆಂಟ್ ಅದು ಆಮೇಲೆ ಸೇರಿದ ಮನೆ. 20ನೇ ಶತಮಾನದ ಶುರುವಿನಲ್ಲಿ ಅಮೆರಿಕದ ಮಿಷಿಗನ್, ವಿಸ್ಕಾನ್ಸಿನ್ ವಿಶ್ವವಿದ್ಯಾಲಯಗಳಲ್ಲಿ ಇದರ ಪಾಠ ತೆಗೆದವರು ಅರ್ಥಶಾಸ್ತ್ರದವರೇ. ಬೆಳೆದವನ ಕೈಯಿಂದ ಕೊಳ್ಳುವವನ ಕೈ ಸೇರುವಷ್ಟರಲ್ಲಿ ಮಾಲಿನ ಬೆಲೆ ಯಾಕೆ ಅಷ್ಟು ಏರುತ್ತದೆ, ನಡುವಿನ ದಲ್ಲಾಳಿ ನಿಜಕ್ಕೂ ಏನು ಕೆಲಸ ಮಾಡುತ್ತಾನೆ ಅನ್ನುವುದು ಅವರ ತಲೆನೋವು. ಮ್ಯಾನೇಜ್‌ಮೆಂಟ್ ಶಾಸ್ತ್ರ ಎಂಜಿನಿಯರುಗಳ ಕೂಸು. ಸಲಿಕೆಯಲ್ಲಿ ಒಂದು ಸಲಕ್ಕೆ 21 ಪೌಂಡ್ ಎತ್ತಿದರೆ ದಿನದ ಕೆಲಸ ಜಾಸ್ತಿ ಸಾಗುತ್ತದೆ ಅಂತ ಲೆಕ್ಕ ಹಾಕಿದ ಅಮೆರಿಕದ ಎಂಜಿನಿಯರ್ ಟೇಲರ್ ಅವರ ಪುಸ್ತಕ ಬಂದದ್ದು 1911ರಲ್ಲಿ. 1916ರಲ್ಲಿ ಫ್ರಾನ್ಸಿನ ಫೇಯಾಲ್ ಮ್ಯಾನೇಜ್‌ಮೆಂಟ್ ಬಗ್ಗೆ ಬರೆದರು. ಅವರು ಗಣಿ ಎಂಜಿನಿಯರ್.

ಹಾಗಾದರೆ ಇವೆರಡೂ ಒಂದೇ ಸೂರಿನಡಿ ಬಂದದ್ದು ಹೇಗೆ? 1954ರಲ್ಲಿ ಪೀಟರ್ ಡ್ರಕರ್, ಗ್ರಾಹಕನನ್ನು ಹುಟ್ಟಿಸುವುದೇ ವ್ಯಾಪಾರದ ಉದ್ದೇಶ, ಮಾರ್ಕೆಟಿಂಗ್ ಮತ್ತು ಹೊಸತನ ಇವೆರಡೇ ಅದರ ಮೂಲ ಕೆಲಸ ಅಂದುಬಿಟ್ಟರು. ಹೇಳಿದ್ದು ಮ್ಯಾನೇಜ್‌ಮೆಂಟಿನ ಮನುಷ್ಯ, ಗಮನಿಸಿ! 1967ರಲ್ಲಿ ಫಿಲಿಪ್ ಕಾಟ್ಲರ್ ತಮ್ಮ ಪಠ್ಯಪುಸ್ತಕಕ್ಕೆ 'ಮಾರ್ಕೆಟಿಂಗ್ ಮ್ಯಾನೇಜ್‌ಮೆಂಟ್' ಅಂತಲೇ ಹೆಸರಿಟ್ಟರು. ಅವರೂ ಅರ್ಥಶಾಸ್ತ್ರ ಓದಿಯೇ ಬಂದವರು.

ಒಂದೇ ಸೂರು ಅಂದ ಮಾತ್ರಕ್ಕೆ ಜಗಳ ತಪ್ಪಿಲ್ಲ. ಕ್ಲಾಸಿನಲ್ಲಿ ನಾನು ಒಂದು ಕೇಸು ಕೊಡುತ್ತೇನೆ: ಒಂದೇ ಪರಿಮಳದ ಶಾಂಪೂ ಮಾಡುವ ಕಂಪನಿ, ಮಾರಾಟ ನಿಂತಲ್ಲೇ ನಿಂತಿದೆ. ಮಾರ್ಕೆಟಿಂಗ್ ಗುಂಪು ತಕ್ಷಣ ಆರು ಪರಿಮಳ, ನಾಲ್ಕು ಅಳತೆ ಬಾಟಲಿ ಕೇಳುತ್ತದೆ. ಆಪರೇಷನ್ಸ್ ಗುಂಪಿನವರು, ಅಂದರೆ ಮಾಲು ತಯಾರಿಸುವ ಕೆಲಸ ನೋಡಿಕೊಳ್ಳುವವರು, ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಪರಿಮಳ ಬದಲಾದಾಗಲೆಲ್ಲ ಟ್ಯಾಂಕು, ಪೈಪು ತೊಳೆಯಬೇಕು. ಅಷ್ಟು ಹೊತ್ತು ಲೈನ್ ನಿಲ್ಲುತ್ತದೆ. ಇಪ್ಪತ್ತನಾಲ್ಕು ಬಗೆಗೂ ಬೇರೆ ಬೇರೆ ಸ್ಟಾಕ್ ಇಡಬೇಕು. ಒಬ್ಬರಿಗೆ ಕೊಳ್ಳುವವನ ಮುಖ ಕಾಣುತ್ತದೆ, ಇನ್ನೊಬ್ಬರಿಗೆ ಯಂತ್ರ. ಎರಡು ಗುಂಪೂ ಕೂತು ಯಾವ ಮೂರು ಪರಿಮಳ ಸಾಕು ಅಂತ ಲೆಕ್ಕ ಹಾಕಲು ಶುರು ಮಾಡಿದ ಮೇಲೇ ಪಾಠ ಮುಂದೆ ಹೋಗುವುದು. ಹೀಗಾಗಿ ಮಾರ್ಕೆಟಿಂಗ್ ಓದುವವರೂ ಆಪರೇಷನ್ಸ್, ಫೈನಾನ್ಸ್ ಪೇಪರುಗಳನ್ನು ಸುಮ್ನೆ ಪಾಸಾಗೋಕೆ ಅಂತ ಓದಬಾರದು.

ಪ್ರಶ್ನೆ: ಗಣಿತ ಕಂಡರೆ ಭಯ. ಮಾರ್ಕೆಟಿಂಗ್ ತಗೊಂಡರೆ ತಪ್ಪಿಸಿಕೊಳ್ಳಬಹುದು ಅಲ್ವಾ?

ಉತ್ತರ: ಇಲ್ಲ. ಜಾಹೀರಾತು ಬರೆಯುವುದೇ ಮಾರ್ಕೆಟಿಂಗ್ ಅಂದುಕೊಂಡು ಬಂದವರಿಗೆ ಸ್ಯಾಂಪ್ಲಿಂಗ್ (ಕೆಲವರನ್ನು ಕೇಳಿ ಎಲ್ಲರ ಬಗ್ಗೆ ಲೆಕ್ಕ ಹಾಕುವುದು), ರಿಗ್ರೆಷನ್ (ಒಂದು ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆ ಅನ್ನುವ ಲೆಕ್ಕ) ಎದುರಾದಾಗ ಬೆವರಿಳಿಯುತ್ತದೆ. ಬೆಲೆ ಸ್ವಲ್ಪ ಏರಿಸಿದರೆ ಎಷ್ಟು ಜನ ಬಿಟ್ಟು ಹೋಗುತ್ತಾರೆ ಅನ್ನುವುದನ್ನು ಅಂದಾಜಿನಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ. ಸೇರುವ ಮುಂಚೆ ಸಿಲಬಸ್ ತರಿಸಿ ನೋಡಿ. ಮಾರ್ಕೆಟಿಂಗ್ ರಿಸರ್ಚ್ ಕಡ್ಡಾಯ ಇಲ್ಲದಿದ್ದರೆ ಬೇರೆ ಕಾಲೇಜು ಹುಡುಕಿ.