ಪ್ರಾರ್ಥನೆ ಮಾಡಿದರೂ ಮತ್ತೆ ಬೀಳುತ್ತೇನೆ, ಯಾಕೆ?

ಪ್ರಶ್ನೆ: ಸರ್, ನನಗೆ ಮೊಬೈಲಿನಲ್ಲಿ ದುಡ್ಡು ಕಟ್ಟಿ ಆಡುವ ಚಟ. ಬೇಡ ಅಂತ ಆ್ಯಪ್ ತೆಗೆದುಹಾಕುತ್ತೇನೆ, ಸಂಬಳ ಬಂದ ರಾತ್ರಿ ಮತ್ತೆ ಹಾಕಿಕೊಳ್ಳುತ್ತೇನೆ. ಮನೆಯವರೆಲ್ಲ ಮಲಗಿದ ಮೇಲೆ ಫೋನು ಕೈಯಲ್ಲಿ ಹಿಡಿದುಕೊಂಡೇ 'ಕರ್ತನೇ, ಈ ಆಸೆ ತೆಗೆದುಬಿಡು' ಅಂತ ಅಳುತ್ತೇನೆ. ಆಸೆ ಹೋಗುವುದಿಲ್ಲ, ಐದು ನಿಮಿಷಕ್ಕೆ ಆಟ ಶುರು. ನನ್ನ ನಂಬಿಕೆಯೇ ಸುಳ್ಳಾ?

ಉತ್ತರ: ಸುಳ್ಳಲ್ಲ. ಆದರೆ ಫೋನು ಹಿಡಿದುಕೊಂಡೇ ಅಂತ ನೀವೇ ಬರೆದಿದ್ದೀರಿ ನೋಡಿ. ಮೊದಲು ಅದನ್ನು ಕೆಳಗಿಡಿ, ಆಮೇಲೆ ಬೇಡಿಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ.

ಬೈಬಲಿನ 1 ಕೊರಿಂಥ 10:13ರಲ್ಲಿ ಅಪೊಸ್ತಲ ಪೌಲ ಹೇಳುವುದು ಶೋಧನೆಯೇ, ಅಂದರೆ ಪಾಪಕ್ಕೆ ಎಳೆಯುವ ಪರೀಕ್ಷೆಯೇ, ಬರುವುದಿಲ್ಲ ಅಂತಲ್ಲ. ಅದರ ಜೊತೆಗೇ ತಪ್ಪಿಸಿಕೊಳ್ಳುವ ದಾರಿಯನ್ನೂ ದೇವರು ಮಾಡಿಕೊಡುತ್ತಾನೆ ಅಂತ. ಆ ದಾರಿಯಲ್ಲಿ ನಡೆಯಬೇಕಾದವರು ನಾವು. ಯೋಸೇಫನ ಕಥೆ ಗೊತ್ತಲ್ವಾ, ಆದಿಕಾಂಡ 39. ಅವನ ಒಡೆಯ ಪೋಟೀಫರನ ಹೆಂಡತಿ ತನ್ನ ಜೊತೆ ಮಲಗು ಅಂತ ದಿನಾ ಕರೆಯುತ್ತಿದ್ದಳು, ಅವನು ಅವಳ ಹತ್ತಿರ ಸುಳಿಯುವುದಕ್ಕೂ ಒಪ್ಪಲಿಲ್ಲ, ಕೊನೆಗೆ ಅವಳು ಬಟ್ಟೆ ಹಿಡಿದಾಗ ಅದನ್ನು ಅವಳ ಕೈಯಲ್ಲೇ ಬಿಟ್ಟು ಹೊರಗೆ ಓಡಿದ. ನಿಂತು ವಾದ ಮಾಡಲಿಲ್ಲ. ಅವಳು ಸುಳ್ಳು ದೂರು ಹೇಳಿದಳು, ಓಡಿದ್ದಕ್ಕೆ ಸಿಕ್ಕಿದ್ದು ಸೆರೆಮನೆ; ಪ್ರಸಂಗಗಳಲ್ಲಿ ಈ ಭಾಗವನ್ನು ಯಾಕೋ ಬೇಗ ದಾಟಿಸಿಬಿಡುತ್ತಾರೆ.

ರಾಜ ದಾವೀದನದು ಉಲ್ಟಾ. ಸೈನ್ಯ ಯುದ್ಧಕ್ಕೆ ಹೋಗಿದೆ, ಇವನು ಮಾತ್ರ ಮನೆಯಲ್ಲಿ. ಸಾಯಂಕಾಲ ಎದ್ದು ಮಾಳಿಗೆಯ ಮೇಲೆ ಓಡಾಡುವಾಗ ಸ್ನಾನ ಮಾಡುತ್ತಿದ್ದ ಬತ್ಷೆಬೆ ಕಣ್ಣಿಗೆ ಬಿದ್ದಳು. ಅಲ್ಲಿಗೇ ನಿಲ್ಲಿಸಬಹುದಿತ್ತು. ಯಾರು ಅವಳು ಅಂತ ವಿಚಾರಿಸಿದ. ಊರೀಯನ ಹೆಂಡತಿ ಅಂತ ಉತ್ತರ ಬಂತು. ನನ್ನ ಪ್ರಕಾರ ಆ ಉತ್ತರವೇ ಅವನಿಗೆ ಸಿಕ್ಕ ದಾರಿ. ಅದನ್ನು ಕೇಳಿಸಿಕೊಂಡೂ ಕರೆಸಿಕೊಂಡ.

ನಿಮ್ಮ ದಾರಿ ತೆರೆದಿರುವುದು ಮಧ್ಯರಾತ್ರಿಯಲ್ಲಲ್ಲ, ಬೆಳಿಗ್ಗೆ, ಮನಸ್ಸು ತಿಳಿಯಾಗಿರುವಾಗ. ಸಂಬಳ ಬಂದ ದಿನವೇ ದುಡ್ಡನ್ನು ನಂಬಿಕೆಯ ಇನ್ನೊಬ್ಬರ ಕೈಗೆ ಕೊಟ್ಟುಬಿಡಿ. ರಾತ್ರಿ ಫೋನು ಮಲಗುವ ಕೋಣೆಯ ಹೊರಗಿರಲಿ. ನಿಮ್ಮ ಚರ್ಚಿನ ಸಭೆಯಲ್ಲಿ ಒಬ್ಬರಿಗಾದರೂ ಇದ್ದದ್ದು ಇದ್ದ ಹಾಗೆ ಹೇಳಿ, ಕಳೆದ ದುಡ್ಡಿನ ಲೆಕ್ಕವನ್ನೂ ಸೇರಿಸಿ. ಆ ಲೆಕ್ಕ ಮುಚ್ಚಿಟ್ಟು ಬರೀ 'ನನಗಾಗಿ ಪ್ರಾರ್ಥಿಸಿ' ಅಂದರೆ ಅವರಿಗೇನು ಗೊತ್ತಾಗಬೇಕು? ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿಕೊಳ್ಳಿ ಅಂತ ಯಾಕೋಬ 5:16 ಹೇಳುವುದು ಸುಮ್ನೆ ಅಲ್ಲ. ಚಟ ಕೈಮೀರಿದ್ದರೆ ವೈದ್ಯರನ್ನೋ ಆಪ್ತ ಸಮಾಲೋಚಕರನ್ನೋ ನೋಡಿ, ಅದು ಅಪನಂಬಿಕೆ ಆಗುವುದಿಲ್ಲ.

ಬೈಬಲ್ ವಾಕ್ಯವನ್ನೂ ಮೊದಲೇ ಬಾಯಿಪಾಠ ಮಾಡಿಟ್ಟುಕೊಳ್ಳಿ. ಯೇಸು ಅಡವಿಯಲ್ಲಿ 40 ದಿನ ಉಪವಾಸವಿದ್ದು ಹಸಿದಾಗ ಸೈತಾನ ಶೋಧಿಸಲು ಬಂದ, ಮೂರು ಸಲವೂ ಯೇಸು ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದ ಮಾತಿನಿಂದಲೇ ಉತ್ತರ ಕೊಟ್ಟ. ಅಡವಿಯಲ್ಲಿ ಹುಡುಕಿ ತೆಗೆದ ಮಾತುಗಳಲ್ಲ ಅವು, ಒಳಗೆ ಇದ್ದವು. 4ನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಎವಾಗ್ರಿಯಸ್ ಎಂಬ ಸನ್ಯಾಸಿ ಕೆಟ್ಟ ಯೋಚನೆಗಳನ್ನು ಎಂಟು ಬಗೆಯಾಗಿ ವಿಂಗಡಿಸಿ, ಯಾವುದಕ್ಕೆ ಯಾವ ವಾಕ್ಯದಿಂದ ಎದುರುತ್ತರ ಕೊಡಬೇಕು ಅಂತ ಜೋಡಿಸಿಟ್ಟಿದ್ದರು. ಹಾಗಂತ ವಾಕ್ಯ ಮಂತ್ರವಲ್ಲ. ಯೇಸುವನ್ನು ಶೋಧಿಸುವಾಗ 91ನೇ ಕೀರ್ತನೆಯನ್ನು ಸೈತಾನನೂ ಹೇಳಿದ!

ಇನ್ನೊಂದು ಮಾತು. ಆ್ಯಪ್ ತೆಗೆದರೆ ಆ ಹೊತ್ತು ಖಾಲಿಯಾಗುತ್ತದೆ. ಬಿಟ್ಟುಹೋಗಿದ್ದ ದೆವ್ವ ಗುಡಿಸಿ ಖಾಲಿ ಬಿಟ್ಟ ಮನೆಗೆ ಇನ್ನೂ ಏಳನ್ನು ಕರೆದುಕೊಂಡು ವಾಪಸ್ ಬಂದ ಸಾಮ್ಯ ಮತ್ತಾಯ 12ರಲ್ಲಿದೆ. ಆ ಹೊತ್ತಿಗೆ ಏನು ಮಾಡುತ್ತೀರಿ ಅಂತ ಈಗಲೇ ಗೊತ್ತು ಮಾಡಿ: ಯಾರಿಗಾದರೂ ಫೋನಾಯಿಸುವುದೋ, ಮನೆಯವರ ಜೊತೆ ಕೂತು ಓದುವುದೋ, ಬೇಗ ಮಲಗುವುದೋ. ಬೇಗ ಮಲಗುವುದನ್ನು ಕೀಳಾಗಿ ಕಾಣಬೇಡಿ.

ಪ್ರಶ್ನೆ: ಕೆಟ್ಟ ಆಸೆ ಮನಸ್ಸಿಗೆ ಬಂದರೇ ಪಾಪವಾ?

ಉತ್ತರ: ಅಲ್ಲ. ಯೇಸುವೇ ಎಲ್ಲ ರೀತಿಯಲ್ಲೂ ಶೋಧಿಸಲ್ಪಟ್ಟ, ಪಾಪ ಮಾತ್ರ ಮಾಡಲಿಲ್ಲ ಅನ್ನುತ್ತದೆ ಇಬ್ರಿಯ 4:15. ಬಂದದ್ದನ್ನು ಕೂರಿಸಿಕೊಂಡು ಉಪಚಾರ ಮಾಡಿದಿರಾ, ಆಮೇಲಿನದು ಬೇರೆ ಲೆಕ್ಕ. ಯಾಕೋಬ 1:14, 15 ಓದಿ.

ಪ್ರಶ್ನೆ: ಶನಿವಾರ ರಾತ್ರಿ ಬಿದ್ದು ಭಾನುವಾರ ಆರಾಧನೆಗೆ ಹೋಗುವುದು ನಾಟಕ ಅಲ್ವಾ?

ಉತ್ತರ: ಹೋಗಿ. ನಿನ್ನ ನಂಬಿಕೆ ಕುಂದಬಾರದು ಅಂತ ಬೇಡಿಕೊಂಡಿದ್ದೇನೆ ಎಂದು ಯೇಸು ತನ್ನ ಶಿಷ್ಯ ಪೇತ್ರನಿಗೆ ಹೇಳಿದ್ದು ಅವನು ಬೀಳುವ ಮೊದಲೇ. ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನು ದೃಢಪಡಿಸು ಅಂತಲೂ ಹೇಳಿದ. ಅದೇ ರಾತ್ರಿ ಪೇತ್ರ ಮೂರು ಸಲ ಅವನನ್ನು ಅರಿಯೆ ಅಂದ. ಕೆಲವೇ ವಾರಗಳ ನಂತರ ಪಂಚಾಶತ್ತಮ ಹಬ್ಬದಂದು ಎದ್ದು ನಿಂತು ಜನರಿಗೆ ಸಾರಿದವನೂ ಅವನೇ. ನಾಟಕ ಆಗುವುದು ಬಿದ್ದದ್ದನ್ನು ಮುಚ್ಚಿಟ್ಟುಕೊಂಡು ಮುಂದಿನ ಸಾಲಿನಲ್ಲಿ ಜೋರಾಗಿ ಹಾಡಿದಾಗ. ಪಾಸ್ಟರ್ ಹತ್ತಿರ ಮಾತಾಡಿ, ಆದರೆ ಆರಾಧನೆ ಮುಗಿದ ಗದ್ದಲದಲ್ಲಿ ಬೇಡ, ವಾರದ ಮಧ್ಯೆ ಒಂದು ಸಮಯ ಕೇಳಿಕೊಳ್ಳಿ.