ಡಬ್ಬಿ ಬಿಚ್ಚುವ ಮೊದಲು: ಹೊಸ ಲ್ಯಾಪ್‌ಟಾಪ್ ತಂದ ಅಣ್ಣನಿಗೆ ಉತ್ತರ

ಅಣ್ಣ, ನಮಸ್ಕಾರ. ಮಗಳ ಓದಿಗೂ ಆಗಲಿ, ತೋಟದ ಲೆಕ್ಕಕ್ಕೂ ಆಗಲಿ ಎಂದು ಶಿವಮೊಗ್ಗದಿಂದ ಲ್ಯಾಪ್‌ಟಾಪ್ ತಂದಿದ್ದೀರಿ. ಅಂಗಡಿಯವರು ಎಲ್ಲ ಹಾಕಿ ಕೊಡುತ್ತೇವೆ ಎಂದರೂ ಬೇಡವೆಂದು ಡಬ್ಬಿಯನ್ನು ಹಾಗೆಯೇ ಮನೆಗೆ ತಂದಿರಿ. ಈಗ ಎಲ್ಲಿಂದ ಶುರು ಮಾಡಲಿ, ಕನ್ನಡ ಹೇಗೆ ಬರೆಯಲಿ, ನಮ್ಮೂರಿನ ಕರೆಂಟಿಗೆ ಇದು ತಾಳುತ್ತದೆಯೇ ಎಂದು ಕೇಳಿದ್ದೀರಿ. ಡಬ್ಬಿ ಬಿಚ್ಚಿಸದೆ ತಂದದ್ದು ಬಹಳ ಒಳ್ಳೆಯದಾಯಿತು. ಯಾಕೆಂದು ಮೊದಲು ಹೇಳಿಬಿಡುತ್ತೇನೆ.

ನಮ್ಮ ಮನೆಯ ಹಿಂದಿನ ಲ್ಯಾಪ್‌ಟಾಪನ್ನು ಅಂಗಡಿಯ ಹುಡುಗನೇ ಸಜ್ಜುಗೊಳಿಸಿ ಕೊಟ್ಟಿದ್ದ. ಖಾತೆ ತೆರೆಯಲು ಒಂದು ಇಮೇಲ್ ಬೇಕಲ್ಲ, ಅದನ್ನು ಅಲ್ಲಿಯೇ ತನ್ನ ಮೊಬೈಲ್ ನಂಬರ್ ಕೊಟ್ಟು ಮಾಡಿದ. ನಾಲ್ಕು ಅಂಕಿಯ ಪಿನ್ ಒಂದನ್ನು ಬಿಲ್ಲಿನ ಹಿಂದೆ ಬರೆದುಕೊಟ್ಟ. ದಿನವೂ ಪಿನ್ ಒತ್ತಿದರೆ ತೆರೆದುಕೊಳ್ಳುತ್ತಿತ್ತು, ನಾವು ನೆಮ್ಮದಿಯಾಗಿದ್ದೆವು. ಮೂರನೆಯ ವರ್ಷ ಮುಂಗಾರಿಗೆ ಮೊದಲಿನ ಸಿಡಿಲಿಗೆ ಮದರ್‌ಬೋರ್ಡ್ ಸುಟ್ಟಿತು. ರಿಪೇರಿಯವರು ಹೊಸದು ಹಾಕಿದರು. ಸ್ವಿಚ್ ಒತ್ತಿದರೆ ನೀಲಿ ಪರದೆ ಬಂತು, 48 ಅಂಕಿಗಳ ರಿಕವರಿ ಕೀ ಕೊಡಿ ಎಂದು ಕೇಳಿತು. ಡಿಸ್ಕಿಗೆ ಏನೂ ಆಗಿರಲಿಲ್ಲ. ಅದರೊಳಗೆ ನಮ್ಮ ಮೂರು ವರ್ಷದ ಮಳೆ ಲೆಕ್ಕ, ಔಷಧಿ ಹೊಡೆದ ದಿನಗಳು, ಆಳಿನ ಲೆಕ್ಕ, ಅತ್ತೆಯವರ ಕೊನೆಯ ಫೋಟೊಗಳು ಎಲ್ಲವೂ ಇದ್ದವು, ಆದರೆ ಬೀಗ ಬಿದ್ದಿತ್ತು. ಆ ಬೀಗದ ಕೀಲಿ ಇದ್ದದ್ದು ಆ ಹುಡುಗ ಮಾಡಿದ ಖಾತೆಯಲ್ಲಿ. ಅವನು ಅಂಗಡಿ ಬಿಟ್ಟು ಹೋಗಿದ್ದ, ಆ ನಂಬರ್ ಬೇರೆ ಯಾರದೋ ಆಗಿತ್ತು. ಇವತ್ತಿಗೂ ಆ ಡಿಸ್ಕ್ ನನ್ನ ಕಪಾಟಿನಲ್ಲಿದೆ.

ಆದ್ದರಿಂದ ನನ್ನ ಒಂದೇ ಒತ್ತಾಯ: ಖಾತೆ ನಿಮ್ಮದಾಗಿರಲಿ, ಅದರ ಪಾಸ್‌ವರ್ಡ್ ನಿಮ್ಮ ಕೈಯಲ್ಲಿರಲಿ, ಆ 48 ಅಂಕಿಗಳು ಕಾಗದದ ಮೇಲಿರಲಿ. ಉಳಿದದ್ದು ತಪ್ಪಿದರೆ ತಿದ್ದಿಕೊಳ್ಳಬಹುದು, ಇದು ತಪ್ಪಿದರೆ ತಿದ್ದಲು ಆಗುವುದಿಲ್ಲ.

ಮೊದಲ ದಿನ ಬೆಳಗ್ಗೆ, ಕರೆಂಟ್ ಇರುವ ಹೊತ್ತು ನೋಡಿ ಕುಳಿತುಕೊಳ್ಳಿ. ಚಾರ್ಜರ್ ಸಿಕ್ಕಿಸಿಯೇ ಶುರು ಮಾಡಿ. ದೇಶ ಯಾವುದೆಂದು ಕೇಳಿದಾಗ ಇಂಡಿಯಾ ಎಂದೇ ಕೊಡಿ. ದಿನಾಂಕದ ವಿಷಯಕ್ಕೆ ಇದು ಮುಖ್ಯ, ಮುಂದೆ ಹೇಳುತ್ತೇನೆ. ಆಮೇಲೆ ಇಂಟರ್ನೆಟ್ ಬೇಕು. ಫೈಬರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮೊಬೈಲಿನ ಹಾಟ್‌ಸ್ಪಾಟ್ ಸಾಕು. ನಂತರ ಮೈಕ್ರೋಸಾಫ್ಟ್ ಖಾತೆ ಕೇಳುತ್ತದೆ. ನಿಮ್ಮ ಮೊಬೈಲಿನಲ್ಲಿ ಈಗಾಗಲೇ ಬಳಸುತ್ತಿರುವ ಜಿಮೇಲ್ ವಿಳಾಸವನ್ನೇ ಕೊಟ್ಟು ಹೊಸ ಖಾತೆ ತೆರೆಯಬಹುದು. ಆದರೆ ಪಾಸ್‌ವರ್ಡ್ ಬೇರೆ ಇಡಿ, ಮತ್ತು ಸುರಕ್ಷತೆಗೆ ನಿಮ್ಮದೇ ಮೊಬೈಲ್ ನಂಬರ್ ಸೇರಿಸಿ. ಕೊನೆಗೆ ಪಿನ್ ಇಡಲು ಹೇಳುತ್ತದೆ. ಇಲ್ಲಿಯೇ ಬಹಳ ಜನ ಎಡವುತ್ತಾರೆ. ಪಿನ್ ಆ ಒಂದು ಲ್ಯಾಪ್‌ಟಾಪಿನ ಬಾಗಿಲಿಗೆ ಮಾತ್ರ. ಪಾಸ್‌ವರ್ಡ್ ಖಾತೆಯದು, ಬೇರೆ ಯಾವ ಯಂತ್ರದಿಂದ ಒಳಗೆ ಹೋಗಬೇಕಾದರೂ ಅದೇ ಬೇಕು. ದಿನವೂ ಪಿನ್ ಒತ್ತಿ ಒತ್ತಿ ಪಾಸ್‌ವರ್ಡ್ ಮರೆತುಹೋಗುತ್ತದೆ. ಎರಡನ್ನೂ ಬರೆದು ಪಹಣಿ, ಕ್ರಯಪತ್ರ ಇಡುವ ಕಡೆ ಇಡಿ.

ಒಳಗೆ ಹೋದ ಮೇಲೆ ಮೊದಲ ಕೆಲಸ ಆ ಕೀಲಿ. ಮೊಬೈಲಿನಲ್ಲಿಯೋ ಲ್ಯಾಪ್‌ಟಾಪಿನಲ್ಲಿಯೋ ಮೈಕ್ರೋಸಾಫ್ಟ್ ಖಾತೆಯ ಜಾಲತಾಣಕ್ಕೆ ಹೋಗಿ ಲಾಗಿನ್ ಆಗಿ, ‘ಡಿವೈಸಸ್’ ಎಂಬಲ್ಲಿ ನಿಮ್ಮ ಲ್ಯಾಪ್‌ಟಾಪಿನ ಹೆಸರು ಒತ್ತಿದರೆ ‘ಬಿಟ್‌ಲಾಕರ್ ರಿಕವರಿ ಕೀ’ ಎಂದು ಕಾಣುತ್ತದೆ. ಬಿಟ್‌ಲಾಕರ್ ಎಂದರೆ ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ. ಆರಾರು ಅಂಕಿಗಳ ಎಂಟು ಗುಂಪು. ನೀವು ಒಂದೊಂದೇ ಗುಂಪು ಓದಿ, ಮಗಳು ಬರೆದುಕೊಳ್ಳಲಿ; ಆಮೇಲೆ ಅವಳು ಓದಿ, ನೀವು ಪರದೆಯ ಜೊತೆ ತಾಳೆ ನೋಡಿ. ಕೀ ಇನ್ನೂ ಕಾಣದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ‘ಡಿವೈಸ್ ಎನ್‌ಕ್ರಿಪ್ಷನ್’ ಆನ್ ಆಗಿದೆಯೇ ನೋಡಿ. ಆನ್ ಇಲ್ಲದಿದ್ದರೆ ಬೀಗವೂ ಇಲ್ಲ, ಕೀಲಿಯೂ ಇರುವುದಿಲ್ಲ. ಈ ಬೀಗ ಕೆಟ್ಟದ್ದಲ್ಲ. ಲ್ಯಾಪ್‌ಟಾಪ್ ಕಳುವಾದರೆ ನಿಮ್ಮ ಬ್ಯಾಂಕಿನ ಕಾಗದಗಳನ್ನು ಕಾಯುವುದು ಅದೇ.

ಮಗಳಿಗೆ ಬೇರೆ ಬಳಕೆದಾರ ಖಾತೆ ಮಾಡಿಕೊಡಿ. ಅವಳ ಪಾಠ ಅವಳ ಕಡೆ, ನಿಮ್ಮ ಲೆಕ್ಕ ನಿಮ್ಮ ಕಡೆ ಇರುತ್ತದೆ. ಜೊತೆಗೆ ಬಂದ ಆಫೀಸ್ ಕೂಡ ಯಾವ ಖಾತೆಯಲ್ಲಿ ಮೊದಲು ಚಾಲೂ ಮಾಡುತ್ತೀರೋ ಆ ಖಾತೆಗೆ ಅಂಟಿಕೊಳ್ಳುತ್ತದೆ. ಅದನ್ನು ನಿಮ್ಮ ಖಾತೆಯಲ್ಲೇ, ತಡಮಾಡದೆ ಚಾಲೂ ಮಾಡಿ, ಅದಕ್ಕೆ ಗಡುವು ಇರುತ್ತದೆ. ಆಫೀಸ್ ಬಂದಿಲ್ಲವಾದರೆ ಲಿಬ್ರೆ ಆಫೀಸ್ ಉಚಿತ, ತೋಟದ ಲೆಕ್ಕಕ್ಕೆ ಅದು ಧಾರಾಳವಾಗಿ ಸಾಕು. ಕೆಲವು ದಿನಕ್ಕೆಂದು ಬಂದಿರುವ ಆಂಟಿವೈರಸ್ ಅವಧಿ ಮುಗಿದು ಹಣ ಕೇಳಿದರೆ ತೆಗೆದುಹಾಕಿ. ವಿಂಡೋಸ್ ಜೊತೆಗೇ ಇರುವ ಡಿಫೆಂಡರ್ ನಮ್ಮಂಥವರಿಗೆ ಸಾಕಾಗುತ್ತದೆ.

ಮೊದಲ ಅಪ್‌ಡೇಟ್‌ಗಳು ಹಲವು ಜಿಬಿ ಆಗುತ್ತವೆ. ಹಾಟ್‌ಸ್ಪಾಟ್‌ನಲ್ಲಿ ಬಿಟ್ಟರೆ ದಿನದ ಡೇಟಾ ಮಧ್ಯಾಹ್ನದೊಳಗೆ ಖಾಲಿ. ವೈಫೈ ಹೆಸರಿನ ಪ್ರಾಪರ್ಟೀಸ್‌ಗೆ ಹೋಗಿ ‘ಮೀಟರ್ಡ್ ಕನೆಕ್ಷನ್’ ಆನ್ ಮಾಡಿದರೆ ದೊಡ್ಡ ಡೌನ್‌ಲೋಡ್‌ಗಳು ತಡೆಯುತ್ತವೆ. ಆದರೆ ಅಪ್‌ಡೇಟನ್ನು ಪೂರ್ತಿ ಬಿಡಬೇಡಿ. ಪೇಟೆಗೆ ಹೋದಾಗ ನೆಂಟರ ಮನೆಯ ಫೈಬರ್‌ನಲ್ಲಿ ಎರಡು ಗಂಟೆ ಇಟ್ಟರೆ ಆಯಿತು. ಬಯೋಸ್ (ಸ್ವಿಚ್ ಒತ್ತಿದೊಡನೆ ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶ) ಅಪ್‌ಡೇಟ್ ಎಂದು ಬಂದಾಗ ಮಾತ್ರ ಬ್ಯಾಟರಿ ತುಂಬಿರಬೇಕು, ಚಾರ್ಜರ್ ಸಿಕ್ಕಿಸಿರಬೇಕು. ಅರ್ಧದಲ್ಲಿ ನಿಂತರೆ ಯಂತ್ರವೇ ಏಳದೆ ಹೋಗಬಹುದು.

ಈಗ ಕರೆಂಟಿನ ವಿಷಯ. ಸಂಜೆ ಎಲ್ಲರ ಪಂಪ್‌ಸೆಟ್ ಶುರುವಾದಾಗ ವೋಲ್ಟೇಜ್ ಇಳಿಯುತ್ತದೆ, ಸ್ಟೆಬಿಲೈಸರ್ ಬೇಕೇ ಎಂದು ಕೇಳಿದ್ದೀರಿ. ಬೇಡ. ಚಾರ್ಜರಿನ ಹಿಂದೆ ಸಣ್ಣ ಅಕ್ಷರದಲ್ಲಿ ಇನ್‌ಪುಟ್ 100-240 ವೋಲ್ಟ್ ಎಂದು ಬರೆದಿರುತ್ತದೆ, ಓದಿ ನೋಡಿ. 160ಕ್ಕೆ ಇಳಿದರೂ ಅದು ತಡೆದುಕೊಳ್ಳುತ್ತದೆ. ನಮಗೆ ಅಪಾಯ ಇರುವುದು ಕರೆಂಟ್ ಹೋಗಿ ಬರುವಾಗಿನ ಜಿಗಿತದಿಂದ ಮತ್ತು ಸಿಡಿಲಿನಿಂದ. ಏಪ್ರಿಲ್, ಮೇ ತಿಂಗಳ ಸಂಜೆ ಮೋಡ ಕಟ್ಟಿತೆಂದರೆ ಪ್ಲಗ್ ಕಿತ್ತುಬಿಡಿ. ಸ್ವಿಚ್ ಆರಿಸುವುದು ಸಾಲದು, ಗೋಡೆಯಿಂದ ಕೀಳಬೇಕು. ರೂಟರ್‌ನಿಂದ ಲ್ಯಾಪ್‌ಟಾಪಿಗೆ ತಂತಿ ಎಳೆದಿದ್ದರೆ ಅದನ್ನೂ ಕೀಳಿ. ಬ್ಯಾಟರಿ ಇದೆಯಲ್ಲ, ಕೆಲಸ ನಿಲ್ಲುವುದಿಲ್ಲ.

ಚಾರ್ಜ್ ಆಗುತ್ತಿರುವಾಗ ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದರೆ ಬೆರಳ ತುದಿಗೆ ಜುಮ್ ಎನ್ನುತ್ತದೆಯೇ? ಮೂರು ಪಿನ್ನಿನ ಪ್ಲಗ್ ಆಗಿದ್ದರೆ ನಿಮ್ಮ ಮನೆಯ ಅರ್ಥಿಂಗ್ ಸರಿಯಿಲ್ಲವೆಂದು ಅನುಮಾನಿಸಿ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿರುತ್ತದೆ, ಎರಡು ಕೊಡ ನೀರು ಹೊಯ್ದು ನೋಡಿ, ಹೋಗದಿದ್ದರೆ ವೈರ್‌ಮನ್ ಕರೆಸಿ. ಅರ್ಥಿಂಗ್ ಇಲ್ಲದ ಮನೆಯಲ್ಲಿ ಕರೆಂಟಿನ ಜಿಗಿತ ತಡೆಯುವ ಸರ್ಜ್ ಪ್ರೊಟೆಕ್ಟರ್ ತಂದರೂ ಅದು ಪೂರ್ತಿ ಕೆಲಸ ಮಾಡುವುದಿಲ್ಲ.

ಬ್ಯಾಟರಿಯನ್ನು ಸದಾ ನೂರಕ್ಕೆ ತುಂಬಿಸಿ ಇಡಬೇಡಿ. ಬಹಳಷ್ಟು ಕಂಪನಿಗಳ ತಮ್ಮದೇ ಆ್ಯಪ್‌ನಲ್ಲಿ ಶೇ 80ಕ್ಕೆ ನಿಲ್ಲಿಸುವ ಆಯ್ಕೆ ಇರುತ್ತದೆ, ಅದನ್ನು ಆನ್ ಮಾಡಿದರೆ ಬ್ಯಾಟರಿ ಹೆಚ್ಚು ವರ್ಷ ಬಾಳುತ್ತದೆ. ಹಾಸಿಗೆಯ ಮೇಲೆ, ಕಂಬಳಿಯ ಮೇಲೆ ಇಟ್ಟು ಬಳಸಿದರೆ ಗಾಳಿ ಕಿಂಡಿ ಮುಚ್ಚಿ ಯಂತ್ರ ಕಾಯುತ್ತದೆ. ಅಡಿಕೆ ಸುಲಿಯುವ ದಿನಗಳಲ್ಲಿ ಅಂಗಳದ ಹತ್ತಿರವೂ ತರಬೇಡಿ, ಆ ನವಿರು ಧೂಳು ಫ್ಯಾನಿನೊಳಗೆ ಹೋಗಿ ಕೂರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬ್ಯಾಗಿನೊಳಗೆ ಮುಚ್ಚಿಟ್ಟರೆ ನಮ್ಮ ಕಡೆ ಬೂಸ್ಟು ಹಿಡಿಯದ ವಸ್ತುವೇ ಇಲ್ಲ. ದಿನಕ್ಕೆ ಅರ್ಧ ಗಂಟೆ ಬಳಸಿ, ತನ್ನ ಬಿಸಿಯಲ್ಲಿ ತಾನೇ ಒಣಗಿಕೊಳ್ಳುತ್ತದೆ.

ಕನ್ನಡ ಬರೆಯುವ ಬಗ್ಗೆ ನನಗೆ ಹೆಚ್ಚು ಪ್ರೀತಿ, ಸ್ವಲ್ಪ ಉದ್ದ ಹೇಳುತ್ತೇನೆ. ಸೆಟ್ಟಿಂಗ್ಸ್‌ನಲ್ಲಿ ‘ಟೈಮ್ ಆಂಡ್ ಲ್ಯಾಂಗ್ವೇಜ್’ ಒಳಗೆ ಕನ್ನಡ ಭಾಷೆ ಸೇರಿಸಿದರೆ ವಿಂಡೋಸ್‌ನದೇ ಕೀಲಿಮಣೆ ಬರುತ್ತದೆ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಬದಲಾಗುತ್ತದೆ. ಮೊದಲು ಬರುವುದು ಇನ್‌ಸ್ಕ್ರಿಪ್ಟ್ ವಿನ್ಯಾಸ, ಕಲಿಯಲು ಸಮಯ ಬೇಕು. ಕನ್ನಡದ ಆಯ್ಕೆಗಳೊಳಗೆ ‘ಫೊನೆಟಿಕ್’ ಕೀಲಿಮಣೆಯನ್ನೂ ಸೇರಿಸಿಕೊಳ್ಳಬಹುದು. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುವ ನಿಮ್ಮ ಮಗಳಿಗೆ ಅದು ಆ ದಿನವೇ ಬರುತ್ತದೆ.

ನಿಮಗೆ ನಾನು ಹೇಳುವುದು ನುಡಿ ತಂತ್ರಾಂಶದ ವಿನ್ಯಾಸ. ಅದರ ಮೂಲ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ್ದು. ಒಂದು ಕೀ, ಒಂದು ಅಕ್ಷರ. ಒತ್ತಕ್ಷರ ಬೇಕೆಂದರೆ ನಡುವೆ ಎಫ್ ಕೀ ಒತ್ತಬೇಕು, ಅಷ್ಟೇ. ‘ಅಡಿಕೆ’ ಎಂದು ಬರೆಯಲು ಎ, ಡಬ್ಲ್ಯೂ, ಐ, ಕೆ, ಇ ಎಂಬ ಐದು ಕೀಗಳು. ‘ಕನ್ನಡ’ಕ್ಕೆ ಕೆ, ಎನ್, ಎಫ್, ಎನ್, ಡಬ್ಲ್ಯೂ. ಡ ಎಂಬುದು ಡಬ್ಲ್ಯೂನಲ್ಲಿ, ಟ ಎಂಬುದು ಕ್ಯೂನಲ್ಲಿ ಇದೆ ಎನ್ನುವುದೊಂದು ಬಾಯಿಪಾಠವಾದರೆ ಉಳಿದದ್ದು ಕೈಗೆ ತಾನಾಗಿ ಹತ್ತುತ್ತದೆ. ದಿನಕ್ಕೆ ಹದಿನೈದು ನಿಮಿಷದಂತೆ ಮೂರು ವಾರದಲ್ಲಿ ನನ್ನ ಕೈ ಕೂತಿತು. ಬಳಸುವಾಗ ಯುನಿಕೋಡ್ ಆಯ್ಕೆಯಲ್ಲೇ ಬರೆಯಿರಿ, ಅದು ಎಲ್ಲ ಯಂತ್ರಗಳಿಗೂ ಅರ್ಥವಾಗುವ ಅಕ್ಷರ ಸಂಕೇತ. ಹಳೆಯ ನುಡಿ ಫಾಂಟ್‌ನಲ್ಲಿ ಬರೆದದ್ದು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಓದಲಾಗದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ, ಹುಡುಕಿದರೂ ಸಿಗುವುದಿಲ್ಲ. ನುಡಿ ಹಾಕಲು ಹೋದಾಗ ಸ್ಟೋರ್‌ನ ಆ್ಯಪ್ ಮಾತ್ರ ಹಾಕಬಹುದು ಎಂದು ತಡೆದರೆ ನಿಮ್ಮ ಯಂತ್ರ ‘ಎಸ್ ಮೋಡ್’ನಲ್ಲಿದೆ ಎಂದರ್ಥ. ಅದರಿಂದ ಹೊರಬರಲು ಹಣ ಕೊಡಬೇಕಿಲ್ಲ, ಆದರೆ ಮತ್ತೆ ಹಿಂದಕ್ಕೆ ಹೋಗಲು ಆಗುವುದಿಲ್ಲ.

ಇನ್ನು ಲೆಕ್ಕದ ಪುಸ್ತಕ. ಎಕ್ಸೆಲ್ ಕಂಡು ಹೆದರಬೇಡಿ, ಅದು ಗೆರೆ ಎಳೆದ ಖಾತೆ ಪುಸ್ತಕವೇ. ಒಂದು ಹಾಳೆಯಲ್ಲಿ ಮಳೆ: ದಿನಾಂಕ, ಮಿಲಿಮೀಟರ್. ಇನ್ನೊಂದರಲ್ಲಿ ಕೆಲಸ: ದಿನಾಂಕ, ಯಾವ ತೋಟ, ಏನು ಕೆಲಸ, ಎಷ್ಟು ಆಳು, ಮಜೂರಿ. ಮೂರನೆಯದರಲ್ಲಿ ಮಾರಾಟ: ಅಡಿಕೆಯ ಬಗೆ (ರಾಶಿಯೋ ಬೆಟ್ಟೆಯೋ ಚಾಲಿಯೋ), ತೂಕ, ದರ. ಕೋಶದೊಳಗೆ ‘12 ಕ್ವಿಂಟಲ್’ ಎಂದು ಬರೆಯಬೇಡಿ, ಅದು ಅಂಕಿಯಾಗಿ ಉಳಿಯುವುದಿಲ್ಲ, ಮೊತ್ತ ಹಾಕುವಾಗ ಎಕ್ಸೆಲ್ ಅದನ್ನು ಬಿಟ್ಟುಬಿಡುತ್ತದೆ. ಕ್ವಿಂಟಲ್ ಎಂಬುದು ತಲೆಬರಹದಲ್ಲಿರಲಿ, ಕೋಶದಲ್ಲಿ 12 ಮಾತ್ರ ಇರಲಿ. ದೇಶ ಇಂಡಿಯಾ ಎಂದು ಕೊಡಲು ಹೇಳಿದ್ದು ಇದಕ್ಕೇ: ಅಮೆರಿಕ ಎಂದಿದ್ದರೆ 5-6 ಎಂದು ಬರೆದ ಜೂನ್ 5 ಅನ್ನು ಅದು ಮೇ 6 ಎಂದು ತಿಳಿಯುತ್ತದೆ, ಮಳೆ ಲೆಕ್ಕ ಪೂರ್ತಿ ತಲೆಕೆಳಗಾಗುತ್ತದೆ.

ಈ ಮಳೆ ಹಾಳೆಯನ್ನೂ ಔಷಧಿ ಹೊಡೆದ ದಿನಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ, ನಿಮಗೇ ಆಸೆ ಹುಟ್ಟುತ್ತದೆ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಮೊದಲ ಬಾರಿ ಹೊಡೆದು 40 ದಿನ ಆದ ಮೇಲೆ ಎರಡನೆಯದು ಎಂದು ನಾವು ಬಾಯಲ್ಲಿ ಹೇಳುತ್ತೇವೆ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಸಿಗದೆ ನಿಜವಾಗಿ ಎಷ್ಟು ದಿನ ಆಯಿತು, ಆ ನಡುವೆ ಎಷ್ಟು ಮಳೆ ಬಿತ್ತು, ಯಾವ ತೋಟದಲ್ಲಿ ಕೊಳೆ ಮೊದಲು ಕಂಡಿತು ಎಂಬುದು ಮೂರು ವರ್ಷ ಬರೆದಿಟ್ಟರೆ ಮಾತ್ರ ತಿಳಿಯುತ್ತದೆ. ನಾನು ಕಳೆದುಕೊಂಡದ್ದು ಅದನ್ನೇ.

ಹಾಗಾಗಿ ಪ್ರತಿ ತಿಂಗಳ ಅಮಾವಾಸ್ಯೆಗೆ ಒಂದು ಪ್ರತಿ ಹೊರಗೆ ತೆಗೆಯಿರಿ. ದಿನ ಯಾವುದಾದರೂ ಆಗಲಿ, ಮರೆಯದ ದಿನ ಆಗಿರಲಿ. ಒಂದು ಟಿಬಿಯ ಹೊರಗಿನ ಹಾರ್ಡ್‌ಡಿಸ್ಕ್ ಇದ್ದರೆ ಫೋಟೊ ಎಲ್ಲವೂ ಹಿಡಿಸುತ್ತದೆ. ಪ್ರತಿ ತೆಗೆದ ಮೇಲೆ ಅದನ್ನು ಲ್ಯಾಪ್‌ಟಾಪಿನಿಂದ ಬಿಡಿಸಿ ಬೇರೆ ಕೋಣೆಯಲ್ಲಿಡಿ, ಸಿಡಿಲು ಬಡಿದರೆ ಎರಡೂ ಒಟ್ಟಿಗೆ ಹೋಗಬಾರದು. ಒನ್‌ಡ್ರೈವ್ ತಾನಾಗಿ ಪ್ರತಿ ಇಟ್ಟುಕೊಳ್ಳುತ್ತದೆ ನಿಜ, ಆದರೆ ಉಚಿತ ಜಾಗ 5 ಜಿಬಿ ಮಾತ್ರ, ಮದುವೆಯೊಂದರ ಫೋಟೊಗೆ ತುಂಬಿಹೋಗುತ್ತದೆ. ತುಂಬಿತೆಂದು ಅಲ್ಲಿ ಅಳಿಸಿದರೆ ಲ್ಯಾಪ್‌ಟಾಪಿನ ಪ್ರತಿಯೂ ಅಳಿಯುತ್ತದೆ, ನೆನಪಿರಲಿ. ಲೆಕ್ಕದ ಹಾಳೆಗಳು ಚಿಕ್ಕವು, ಅವು ಅಲ್ಲಿರಲಿ, ಫೋಟೊಗಳು ಹಾರ್ಡ್‌ಡಿಸ್ಕಿನಲ್ಲಿರಲಿ.

ಇನ್ನೊಂದು ಎಚ್ಚರಿಕೆ. ಯಾವಾಗಲೋ ಪರದೆ ತುಂಬ ಕೆಂಪು ಬರಹ ಬಂದು, ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ ಎನ್ನಬಹುದು. ಅದು ಮೋಸ. ಕರೆ ಮಾಡಬೇಡಿ, ಅವರು ಹೇಳಿದ ಆ್ಯಪ್ ಹಾಕಬೇಡಿ, ಪವರ್ ಬಟನ್ ಒತ್ತಿ ಹಿಡಿದು ಆರಿಸಿಬಿಡಿ. ಹಣ ಹೋಗಿಯೇ ಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮನೆಯ ಹಿರಿಯರಿಗೂ ಇದನ್ನು ಕೂರಿಸಿಕೊಂಡು ಹೇಳಿ.

ಬಿಲ್ಲನ್ನು ಇವತ್ತೇ ಫೋಟೊ ತೆಗೆದಿಡಿ. ಲ್ಯಾಪ್‌ಟಾಪಿನ ಅಡಿಯಲ್ಲಿರುವ ಸೀರಿಯಲ್ ನಂಬರನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ವಾರಂಟಿ ಯಾವ ದಿನಕ್ಕೆ ಶುರುವಾಗಿದೆ ನೋಡಿ. ನೀವು ಕೊಂಡ ದಿನಕ್ಕಿಂತ ಹಿಂದಿನ ದಿನಾಂಕ ಇದ್ದರೆ ಬಿಲ್ ಕಳಿಸಿ ಸರಿಪಡಿಸಿಕೊಳ್ಳಿ.

ನಡುವೆ ಎಲ್ಲಿ ಸಿಕ್ಕಿಕೊಂಡರೂ ಆ ಪರದೆಯ ಫೋಟೊ ತೆಗೆದು ಇಲ್ಲಿಯೇ ಹಾಕಿ, ರಾತ್ರಿ ಊಟದ ನಂತರ ನಾನು ನೋಡುತ್ತೇನೆ. ಆ 48 ಅಂಕಿಗಳು ಕಾಣುವ ಪರದೆಯನ್ನು ಮಾತ್ರ ಯಾರಿಗೂ ಕಳಿಸಬೇಡಿ ಅಣ್ಣ, ನನಗೂ ಬೇಡ.