ಕ್ಲೌಡ್ ಬಂತೆಂದು ಹೆಡ್‌ಎಂಡ್‌ನ ಡಿಶ್‌ಗಳನ್ನು ಗುಜರಿಗೆ ಹಾಕಬಹುದೇ?

ನಿಮ್ಮ ಸೋದರಮಾವನವರು ತಾಲ್ಲೂಕು ಕೇಂದ್ರವೊಂದರಲ್ಲಿ ಕೇಬಲ್ ಹೆಡ್‌ಎಂಡ್, ಅಂದರೆ ವಾಹಿನಿಗಳನ್ನು ಡಿಶ್‌ಗಳಲ್ಲಿ ಹಿಡಿದು ಮನೆಗಳಿಗೆ ಕೇಬಲ್‌ನಲ್ಲಿ ಹಂಚುವ ಕೇಂದ್ರ, ನಡೆಸುತ್ತಿದ್ದಾರೆ. ಇನ್ನೆರಡು ವರ್ಷಗಳಲ್ಲಿ ವಾಹಿನಿಗಳೆಲ್ಲ ಉಪಗ್ರಹವನ್ನು ಬಿಟ್ಟು ಕ್ಲೌಡ್ (ಅಂತರಜಾಲದಲ್ಲಿ ಬಾಡಿಗೆಗೆ ಸಿಗುವ ಕಂಪ್ಯೂಟರ್‌ಗಳು) ಮೂಲಕವೇ ಬರುತ್ತವೆ, ಛಾವಣಿಯ ಮೇಲಿನ ಡಿಶ್‌ಗಳನ್ನು ಈಗಲೇ ಗುಜರಿಗೆ ಹಾಕಬಹುದು ಎಂದು ಉಪಕರಣ ಮಾರುವವರೊಬ್ಬರು ಅವರಿಗೆ ಹೇಳಿಹೋಗಿದ್ದಾರೆ, ಇದು ನಿಜವೇ ಎಂದು ಕೇಳಿದ್ದೀರಿ. ನಾನು ಹನ್ನೊಂದು ವರ್ಷ, ವಾಹಿನಿಗಳನ್ನು ಉಪಗ್ರಹಕ್ಕೆ ಕಳುಹಿಸುವ ಒಂದು ಟೆಲಿಪೋರ್ಟ್‌ನಲ್ಲಿ ಪಾಳಿಯ ಎಂಜಿನಿಯರ್ ಆಗಿದ್ದೆ. ಈಗ ನಾಲ್ಕು ವರ್ಷಗಳಿಂದ ಬೆಂಗಳೂರಿನಲ್ಲಿ ಅಂಥವೇ ವಾಹಿನಿಗಳನ್ನು ಅಂತರಜಾಲದ ಮೂಲಕ ಕಳುಹಿಸುವ ಕೆಲಸದಲ್ಲಿದ್ದೇನೆ. ನನ್ನ ಅನುಭವದಲ್ಲಿ ಬದಲಾವಣೆ ನಿಜವೇ, ಆದರೆ ಅದು ನಿಮ್ಮ ಮಾವನವರ ಛಾವಣಿಗೆ ಬರುವುದು ಎಲ್ಲರಿಗಿಂತ ಕೊನೆಗೆ.

ಏಕೆಂದು ತಿಳಿಯಲು ದುಡ್ಡಿನ ಲೆಕ್ಕವೊಂದನ್ನು ನೋಡಬೇಕು. ಉಪಗ್ರಹ ಟಿವಿ ಬಳಸುವ ತರಂಗಪಟ್ಟಿಯಾದ ಸಿ ಬ್ಯಾಂಡ್‌ನಲ್ಲಿ 36 ಮೆಗಾಹರ್ಟ್ಸ್‌ನ ಒಂದು ಟ್ರಾನ್ಸ್‌ಪಾಂಡರ್ (ಸಂಕೇತವನ್ನು ಪಡೆದು ಮತ್ತೆ ಕೆಳಗೆ ಕಳುಹಿಸುವ ಉಪಗ್ರಹದ ಘಟಕ) ಬಾಡಿಗೆಗೆ ಪಡೆದರೆ, ಸಂಕೇತಕ್ಕೆ ದತ್ತಾಂಶ ತುಂಬುವ ಈಗಿನ ವಿಧಾನದಲ್ಲಿ ಸೆಕೆಂಡಿಗೆ ಸುಮಾರು 60ರಿಂದ 70 ಮೆಗಾಬಿಟ್ ಸಾಗಿಸಬಹುದು. ಅಂದರೆ ಸುಮಾರು ಎಂಟು ಎಚ್‌ಡಿ ವಾಹಿನಿಗಳು ಹಿಡಿಸುತ್ತವೆ. ಬಾಡಿಗೆ ದುಬಾರಿ, ನಿಜ. ಆದರೆ ಕೆಳಗೆ ಹತ್ತು ಡಿಶ್‌ಗಳಿರಲಿ, ಹತ್ತು ಸಾವಿರ ಇರಲಿ, ಆ ಬಾಡಿಗೆ ಒಂದು ರೂಪಾಯಿಯೂ ಏರುವುದಿಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಸೈಟ್ ಎಂಬ ಉಪಗ್ರಹ ಟಿವಿ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅಮೆರಿಕದ ಎಟಿಎಸ್-6 ಉಪಗ್ರಹದಿಂದ ನೇರವಾಗಿ ಕಾರ್ಯಕ್ರಮ ನೋಡಿದವು. ಅವುಗಳಲ್ಲಿ ನಮ್ಮ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು. ಕೋಳಿಗೂಡಿಗೆ ಬಳಸುವಂಥ ತಂತಿ ಬಲೆಯಿಂದ ಕಟ್ಟಿದ, ಸುಮಾರು ಮೂರು ಮೀಟರ್ ಅಗಲದ ಆಂಟೆನಾಗಳೇ ಅದಕ್ಕೆ ಸಾಕಾಗಿದ್ದವು. ದಾರಿಯುದ್ದಕ್ಕೂ ತಂತಿಯಿಲ್ಲದ, ವಿದ್ಯುತ್ತೇ ಅನುಮಾನವಾಗಿದ್ದ ಹಳ್ಳಿಗೂ ದೆಹಲಿಗೂ ಒಂದೇ ಖರ್ಚು ಎಂಬುದೇ ಉಪಗ್ರಹದ ಹಿರಿಮೆ, ಮತ್ತು ಅದು ಇಂದಿಗೂ ಬದಲಾಗಿಲ್ಲ.

ಕ್ಲೌಡ್‌ನಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. 8 ಮೆಗಾಬಿಟ್‌ನ ಒಂದು ಎಚ್‌ಡಿ ವಾಹಿನಿ ಎಂದರೆ ಸೆಕೆಂಡಿಗೆ ಒಂದು ಮೆಗಾಬೈಟ್. ದಿನಕ್ಕೆ 86 ಗಿಗಾಬೈಟ್, ತಿಂಗಳಿಗೆ ಹತ್ತಿರ ಹತ್ತಿರ 2.6 ಟೆರಾಬೈಟ್. ಇದು ಒಬ್ಬ ಕೇಬಲ್ ಆಪರೇಟರ್‌ಗೆ. ಸಾವಿರ ಆಪರೇಟರ್‌ಗಳಿದ್ದರೆ ಸಾವಿರ ಪ್ರತಿಗಳನ್ನು ಬೇರೆಬೇರೆಯಾಗಿ ಕಳುಹಿಸಬೇಕು, ಏಕೆಂದರೆ ಒಂದೇ ಪ್ರತಿಯನ್ನು ಎಲ್ಲರಿಗೂ ಹಂಚುವ ಮಲ್ಟಿಕಾಸ್ಟ್ ವಿಧಾನ ಸಾರ್ವಜನಿಕ ಅಂತರಜಾಲದಲ್ಲಿ ನಡೆಯುವುದಿಲ್ಲ. ಕ್ಲೌಡ್ ಕಂಪನಿಗಳು ಒಳಗೆ ಬರುವ ದತ್ತಾಂಶಕ್ಕೆ ಸಾಮಾನ್ಯವಾಗಿ ಶುಲ್ಕ ಕೇಳುವುದಿಲ್ಲ, ಹೊರಗೆ ಹೋಗುವ ಪ್ರತಿ ಗಿಗಾಬೈಟ್‌ಗೂ ಬಿಲ್ ಮಾಡುತ್ತವೆ. ಆದ್ದರಿಂದ ಇಪ್ಪತ್ತು ಮೂವತ್ತು ದೊಡ್ಡ ವಿತರಕರಿಗೆ ಮಾತ್ರ ತಲುಪಬೇಕಾದ ವಾಹಿನಿಗೆ ಕ್ಲೌಡ್ ಅಗ್ಗ. ಊರೂರಿನ ಹೆಡ್‌ಎಂಡ್‌ಗೆ ತಲುಪಬೇಕಾದ ವಾಹಿನಿಗೆ ಉಪಗ್ರಹವೇ ಅಗ್ಗ. ಆ ಮಾರಾಟಗಾರರು ನಿಮ್ಮ ಮಾವನವರಿಗೆ ಈ ಲೆಕ್ಕ ಹೇಳಿರಲಾರರು.

ಹಾಗಾದರೆ ಅಮೆರಿಕದಲ್ಲಿ ಏಕೆ ಬದಲಾಯಿತು ಎಂದು ನೀವು ಕೇಳಬಹುದು. ಅಲ್ಲಿನ ವಾಹಿನಿಗಳ ಕಾಲಕೆಳಗಿನ ನೆಲವನ್ನೇ ಎಳೆದುಕೊಳ್ಳಲಾಯಿತು. ಉಪಗ್ರಹಗಳು ಕೆಳಗೆ ಕಳುಹಿಸಲು ಬಳಸುತ್ತಿದ್ದ 3.7ರಿಂದ 4.2 ಗಿಗಾಹರ್ಟ್ಸ್ ಪಟ್ಟಿಯಲ್ಲಿ 3.98ರವರೆಗಿನ ಭಾಗವನ್ನು 5ಜಿಗೆ ಕೊಡಲು ಅಲ್ಲಿನ ಸಂವಹನ ಆಯೋಗ 2020ರಲ್ಲಿ ಆದೇಶಿಸಿತು. ಆ ಹರಾಜಿನಿಂದ 81 ಶತಕೋಟಿ ಡಾಲರ್‌ಗೂ ಹೆಚ್ಚು ಹಣ ಬಂತು. ಜಾಗವನ್ನು ಬೇಗ ತೆರವು ಮಾಡಿಕೊಡುವ ಉಪಗ್ರಹ ಕಂಪನಿಗಳಿಗೆ 9.7 ಶತಕೋಟಿ ಡಾಲರ್ ಪ್ರೋತ್ಸಾಹಧನ ನಿಗದಿಯಾಯಿತು. ಉಳಿದ ಮೇಲಿನ ಭಾಗದಲ್ಲೂ ಕನಿಷ್ಠ 100 ಮೆಗಾಹರ್ಟ್ಸ್ ಹರಾಜಾಗಬೇಕೆಂದು 2025ರಲ್ಲಿ ಕಾನೂನೇ ಆಗಿದೆ. ಜಾಗ ಹೀಗೆ ಕುಗ್ಗುತ್ತಿರುವಾಗ ಅಲ್ಲಿನವರು ಫೈಬರ್ ಮತ್ತು ಕ್ಲೌಡ್‌ನತ್ತ ನೋಡುವುದು ಸಹಜ. ಅದನ್ನು ತಂತ್ರಜ್ಞಾನದ ಗೆಲುವೆಂದು ಬಣ್ಣಿಸುವ ಭಾಷಣಗಳನ್ನು ಕೇಳಿದಾಗ ನನಗೆ ಸ್ವಲ್ಪ ನಗು ಬರುತ್ತದೆ.

ಆ ಒತ್ತಡದ ಸಣ್ಣ ರೂಪವನ್ನು ನಿಮ್ಮ ಮಾವನವರು ಈಗಾಗಲೇ ಕಂಡಿರಬಹುದು. 2022ರ ಹರಾಜಿನಲ್ಲಿ ನಮ್ಮ ದೇಶದಲ್ಲೂ 3,300ರಿಂದ 3,670 ಮೆಗಾಹರ್ಟ್ಸ್‌ವರೆಗಿನ ಪಟ್ಟಿ 5ಜಿಗೆ ಹೋಯಿತು. ಸುಮಾರು 36,000 ಕಿಲೋಮೀಟರ್ ದೂರದಿಂದ ಬರುವ ಸಂಕೇತ ಡಿಶ್‌ಗೆ ಮುಟ್ಟುವ ಹೊತ್ತಿಗೆ ಪಿಸುಮಾತಿಗಿಂತ ಕ್ಷೀಣವಾಗಿರುತ್ತದೆ. ಪಕ್ಕದ ಕಟ್ಟಡದ ಮೇಲೆ 5ಜಿ ಗೋಪುರ ಎದ್ದಾಗ, ಅದರ ತರಂಗಾಂತರ ಬೇರೆಯೇ ಆಗಿದ್ದರೂ, ಡಿಶ್‌ನ ಮುಂದೆ ಕೂತು ಸಂಕೇತವನ್ನು ಹಿಗ್ಗಿಸುವ ಎಲ್‌ಎನ್‌ಬಿಗೆ ಕಿವಿಯಲ್ಲಿ ತಮಟೆ ಬಾರಿಸಿದಂತಾಗಿ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಇದಕ್ಕೆ ಮದ್ದು ಸಂಕೇತ ಒಳಬರುವ ಬಾಯಿಯಾದ ಫೀಡ್‌ಹಾರ್ನ್ ಮತ್ತು ಎಲ್‌ಎನ್‌ಬಿಗಳ ನಡುವೆ ನಾಲ್ಕಾರು ಬೋಲ್ಟ್ ಹಾಕಿ ಕೂರಿಸುವ ಒಂದು ಲೋಹದ ಫಿಲ್ಟರ್. ಡಿಶ್ ಕೆಟ್ಟಿತೆಂದು ಅದನ್ನೇ ಬಿಚ್ಚಲು ಹೊರಟಿದ್ದ ಒಬ್ಬರಿಗೆ ನಾನೇ ಇದನ್ನು ಹಾಕಿಸಿದ್ದೇನೆ.

ಇಷ್ಟು ಹೇಳಿದೆನೆಂದು ನಾನು ಕ್ಲೌಡ್‌ನ ವಿರೋಧಿ ಎಂದುಕೊಳ್ಳಬೇಡಿ. ನನ್ನ ಅನ್ನ ಅದರಿಂದಲೇ. ನಾವು ಬಳಸುವುದು ಎಸ್‌ಆರ್‌ಟಿ ಎಂಬ ವಿಧಾನ, 2017ರಲ್ಲಿ ಎಲ್ಲರ ಬಳಕೆಗೆ ಮುಕ್ತವಾದದ್ದು. ಮೇಲೆ ಹೇಳಿದ 8 ಮೆಗಾಬಿಟ್ ವಾಹಿನಿ ಸೆಕೆಂಡಿಗೆ ಸುಮಾರು 760 ಪ್ಯಾಕೆಟ್‌ಗಳಾಗಿ, ಅಂದರೆ ದತ್ತಾಂಶದ ಸಣ್ಣ ತುಂಡುಗಳಾಗಿ, ಹೊರಡುತ್ತದೆ. ದಾರಿಯಲ್ಲಿ ಒಂದು ಕಳೆದುಹೋದರೆ, ಪಡೆಯುವ ಪೆಟ್ಟಿಗೆ ಅದರ ಸಂಖ್ಯೆ ಹೇಳಿ ಮತ್ತೆ ಕೇಳುತ್ತದೆ, ಹಾಗೆ ಕೇಳಿ ಪಡೆಯಲು ಸಮಯವಿರಲೆಂದು ಚಿತ್ರವನ್ನು ಸ್ವಲ್ಪ ತಡೆದು ತೋರಿಸುತ್ತದೆ. ಉಪಗ್ರಹದ ಕಾಲದಲ್ಲಿ ನಾವು ಸಂಕೇತವನ್ನು ಬೆಳಕಿನಂತೆ ಚೆಲ್ಲಿ ಸುಮ್ಮನಾಗುತ್ತಿದ್ದೆವು; ಯಾವ ಊರಿನಲ್ಲಿ ಕತ್ತಲಾಗಿದೆ ಎಂಬುದು ಅಲ್ಲಿಂದ ಫೋನ್ ಬಂದ ಮೇಲೆಯೇ ಗೊತ್ತಾಗುತ್ತಿತ್ತು. ಈಗ ಪ್ರತಿಯೊಂದು ಪೆಟ್ಟಿಗೆಯೂ ಎಷ್ಟು ಪ್ಯಾಕೆಟ್ ಕಳೆದುಕೊಂಡಿತು, ಎಷ್ಟು ಮರಳಿ ಪಡೆಯಿತು ಎಂಬುದು ನನ್ನ ಪರದೆಯ ಮೇಲೆ ಗೆರೆಯಾಗಿ ಓಡುತ್ತಿರುತ್ತದೆ. ಮಾರ್ಚ್ ಮತ್ತು ಅಕ್ಟೋಬರ್ ಸುಮಾರಿಗೆ ಸೂರ್ಯ ಉಪಗ್ರಹದ ನೇರ ಹಿಂದೆ ಬಂದು ದಿನಕ್ಕೆ ಕೆಲವು ನಿಮಿಷ ಪ್ರಸಾರ ಕೆಡುವ ಕಾಟವೂ ಇದರಲ್ಲಿಲ್ಲ. ಒಂದೊಂದು ಪ್ರದೇಶಕ್ಕೆ ಒಂದೊಂದು ಜಾಹೀರಾತು ಕೊಡುವುದು ಕೂಡ ಸುಲಭ. 2008ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಮಾಗಿ ಕಂಪನಿ ಮೊದಲು ಹೆಸರಾದದ್ದೇ ಉಪಗ್ರಹ ವಾಹಿನಿಗಳಲ್ಲಿ ಇಂಥ ಪ್ರಾದೇಶಿಕ ಜಾಹೀರಾತುಗಳನ್ನು ತೂರಿಸಿ, ಕ್ಲೌಡ್‌ಗೆ ಹೊರಳಿದ್ದು ಆಮೇಲೆ. ದುಬೈನಲ್ಲಿಯೋ ನ್ಯೂಜೆರ್ಸಿಯಲ್ಲಿಯೋ ಇರುವ ಒಬ್ಬ ವಿತರಕನಿಗೆ ಕನ್ನಡ ವಾಹಿನಿಯೊಂದನ್ನು ಮುಟ್ಟಿಸಲು ಇಡೀ ಖಂಡದ ಮೇಲೆ ಸಂಕೇತ ಸುರಿಯುವ ಅಗತ್ಯ ಈಗ ಯಾರಿಗೂ ಇಲ್ಲ.

ತೊಂದರೆ ಇರುವುದು ಕೊನೆಯ ಹತ್ತು ಕಿಲೋಮೀಟರ್‌ನಲ್ಲಿ. ಎರಡು ವರ್ಷಗಳ ಹಿಂದೆ ಜಿಲ್ಲಾ ಕೇಂದ್ರವೊಂದರ ಹೆಡ್‌ಎಂಡ್‌ಗೆ ನಾವು ಬೇರೆಬೇರೆ ಎರಡು ಕಂಪನಿಗಳಿಂದ ಫೈಬರ್ ಪಡೆದು, ಒಂದೇ ವಾಹಿನಿಯನ್ನು ಎರಡೂ ದಾರಿಗಳಲ್ಲಿ ಏಕಕಾಲಕ್ಕೆ ಕಳುಹಿಸುತ್ತಿದ್ದೆವು. ಒಂದರಲ್ಲಿ ಪ್ಯಾಕೆಟ್ ಬಾರದಿದ್ದರೆ ಇನ್ನೊಂದರದ್ದನ್ನು ಎತ್ತಿಕೊಳ್ಳುವ ಈ ಏರ್ಪಾಟಿನ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು. ಒಂದು ಮಧ್ಯಾಹ್ನ, ಕ್ರಿಕೆಟ್ ಪಂದ್ಯದ ನಡುವೆ, ಪರದೆಯ ಮೇಲಿನ ಎರಡೂ ಗೆರೆಗಳು ಒಂದೇ ಸೆಕೆಂಡಿನಲ್ಲಿ ಸೊನ್ನೆಗಿಳಿದವು. ನೀರಿನ ಪೈಪಿಗಾಗಿ ರಸ್ತೆಬದಿ ಅಗೆಯುತ್ತಿದ್ದ ಜೆಸಿಬಿಯ ಹಲ್ಲಿಗೆ ಎರಡು ಕಂಪನಿಗಳ ಫೈಬರ್‌ಗಳೂ ಸಿಕ್ಕಿದ್ದವು. ಎರಡನ್ನೂ ಒಂದೇ ಕಂದಕದಲ್ಲಿ ಹೂತಿದ್ದರೆಂಬುದು ನಮಗೆ ತಿಳಿದದ್ದು ಆಗಲೇ. ಅಲ್ಲಿನ ಹುಡುಗ ಛಾವಣಿಯ ಹಳೆಯ ಡಿಶ್‌ನಿಂದ ಬಂದ ಕೇಬಲ್ಲನ್ನು, ಉಪಗ್ರಹ ಸಂಕೇತವನ್ನು ಬಿಡಿಸುವ ಪೆಟ್ಟಿಗೆಯಾದ ಐಆರ್‌ಡಿಗೆ ಸಿಕ್ಕಿಸಿ ಒಂದು ನಿಮಿಷದೊಳಗೆ ಪಂದ್ಯ ತಂದ. ನಾನು ಕೇಳುವ ಮೊದಲೇ ಅವನು ಹಾಗೆ ಮಾಡಿದ್ದ. ಫೈಬರ್ ಜೋಡಿಸಲು ಸಂಜೆ ಏಳಾಯಿತು.

ಇನ್ನು ಕಾನೂನಿನ ಮಾತು. ನಮ್ಮಲ್ಲಿ ಖಾಸಗಿ ವಾಹಿನಿಗಳು ಅನುಮತಿ ಪಡೆದಿರುವುದೇ ಉಪಗ್ರಹ ವಾಹಿನಿಗಳೆಂದು. 2022ರ ನವೆಂಬರ್‌ನ ಮಾರ್ಗಸೂಚಿಗಳು ಅಪ್‌ಲಿಂಕ್ (ಉಪಗ್ರಹಕ್ಕೆ ಕಳುಹಿಸುವುದು), ಡೌನ್‌ಲಿಂಕ್‌ಗಳ (ಅದರಿಂದ ಪಡೆಯುವುದು) ಸುತ್ತಲೇ ಇವೆ. ಉಪಗ್ರಹವಿಲ್ಲದೆ ಭೂಮಾರ್ಗದಲ್ಲೇ ಪ್ರಸಾರ ಮಾಡುವವರಿಗೂ ಒಂದು ಚೌಕಟ್ಟು ಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಶಿಫಾರಸು ಮಾಡಿದೆ, ಆದ್ದರಿಂದ ಉಪಗ್ರಹವನ್ನು ಬಿಡುವ ಈ ಬಾಗಿಲು ಮುಚ್ಚಿಯೇ ಇರುತ್ತದೆಂದು ನಾನು ಹೇಳಲಾರೆ.

ನಿಮ್ಮ ಮಾವನವರು ಡಿಶ್‌ಗಳನ್ನು ಮಾರಬಾರದು. ಮುಂದೆ ಯಾವುದಾದರೂ ವಾಹಿನಿ ಅಂತರಜಾಲದ ಮೂಲಕ ಬರುವುದಾಗಿ ಹೇಳಿದರೆ, ಅದಕ್ಕೆ ಬೇಕಾದ ಪೆಟ್ಟಿಗೆಯನ್ನು ವಾಹಿನಿಯವರೇ ಕೊಡುತ್ತಾರೆಯೇ, ಫೈಬರ್‌ನ ತಿಂಗಳ ಬಾಡಿಗೆ ಯಾರ ತಲೆಯ ಮೇಲೆ ಎಂಬುದನ್ನು ಬರಹದಲ್ಲಿ ಪಡೆದುಕೊಳ್ಳಲಿ. ಎರಡನೆಯ ಫೈಬರ್ ತೆಗೆದುಕೊಳ್ಳುವ ಮೊದಲು ಅದು ಬರುವ ದಾರಿಯಲ್ಲಿ ಕಂಪನಿಯ ಲೈನ್‌ಮ್ಯಾನ್ ಜೊತೆ ಒಮ್ಮೆ ನಡೆದುಕೊಂಡೇ ಹೋಗಿ, ಮೊದಲನೆಯದರ ಕಂದಕಕ್ಕೆ ಅದು ಎಲ್ಲಿ ಸೇರುತ್ತದೆ ಎಂದು ನೋಡಿಬರಲಿ.